ಆರನೆಯ ತಿರುವು

ಕಾಂಚನಾ ಬೆಂಗಳೂರಿನಿಂದ ಬಂದು, ಸ್ವೀಡನ್ನಿನ ಈ ಸಣ್ಣ ಪುರಸಭೆಯ ನಕ್ಷೆ ವಿಭಾಗದಲ್ಲಿ ಎರಡು ವರ್ಷ ಗುತ್ತಿಗೆಯ ಮೇಲೆ ದುಡಿದು ಹೈರಾಣಾಗಿದ್ದಳು. ಕೊನೆಗೆ ತಲೆಗೆ ಕಟ್ಟಿದ್ದು ಊರಾಚೆಯ ಹಳೇ ಮೋಟಾರು ರೇಸಿನ ದಾರಿಗೆ ಫಲಕ ನೆಡಿಸುವ ಕೆಲಸ. ೧೯೩೬ರಲ್ಲಿ ಹೊಲಗಳ ನಡುವಿನ ಮಣ್ಣುರಸ್ತೆಯಲ್ಲೇ ಕಾರು ಓಡಿಸಿದ್ದರಂತೆ. ಈಗ ಅಲ್ಲಿ ಬಸ್ ಸ್ಟಾಪು, ಶಿಶುವಿಹಾರದ ಮಕ್ಕಳ ಗದ್ದಲ. ಒಂಬತ್ತು ತಿರುವಿಗೆ ಒಂಬತ್ತು ಫಲಕ ನಿಂತು ತಿಂಗಳಾಗಿತ್ತು. ಶುಕ್ರವಾರ ಉದ್ಘಾಟನೆ, ಆಮೇಲೆ ಗುತ್ತಿಗೆ ಮುಂದುವರಿಸುವ ಮಾತು. ಅದು ತಪ್ಪಿದರೆ ವರ್ಕ್ ಪರ್ಮಿಟ್ಟೂ ಇಲ್ಲ.

ಬುಧವಾರ ಹಳೇ ಫೋಟೋ ಒಂದು ಕೈಗೆ ಸಿಕ್ಕಿತು. ಓಡುವ ಕಾರುಗಳ ಎಡಕ್ಕೆ ಚರ್ಚು. ಅವಳ ಫಲಕಗಳ ಪ್ರಕಾರ ಅದು ಬಲಕ್ಕಿರಬೇಕು. ಸುತ್ತು ಎಂದ ಕೂಡಲೇ ಅವಳ ಕೈ ತಾನಾಗಿ ತಿರುವುಗಳಿಗೆ ಪ್ರದಕ್ಷಿಣೆಯಾಗಿ ಸಂಖ್ಯೆ ಹಾಕಿಬಿಟ್ಟಿತ್ತು. ಆ ಪುಣ್ಯಾತ್ಮರು ಓಡಿದ್ದು ಅಪ್ರದಕ್ಷಿಣೆಯಾಗಿ. ಸಂಖ್ಯೆ ತಿದ್ದಬಹುದು. ಆದರೆ ಅಂದು ಒಬ್ಬ ಚಾಲಕ ಸತ್ತಿದ್ದ, ದಾಖಲೆಯಲ್ಲಿ ‘ಆರನೆಯ ತಿರುವು’ ಎಂದಷ್ಟೇ ಇತ್ತು. ಆ ನಿಜವಾದ ಆರನೆಯ ತಿರುವಿನಲ್ಲಿ ಅವಳು ನಾಲ್ಕನೆಯ ಫಲಕ ನೆಡಿಸಿದ್ದಳು.

“ಸುಮ್ನಿದ್ಬಿಡು ಕಣೇ,” ಎಂದ ಗಂಡ ಬದರಿನಾಥ. “ತೊಂಬತ್ತು ವರ್ಷದ ಹಿಂದಿನ್ ಕತೆ, ಯಾರು ಚೆಕ್ ಮಾಡಕ್ ಬರ್ತಾರೆ?”

ಬರುವವಳು ಒಬ್ಬಳಿದ್ದಳು. ಸತ್ತವನ ಮಗಳು ಗುನ್‌ವೋರ್. ಆಗ ಮೂರು ವರ್ಷದ ಕೂಸು. ತಾಯಿ ಅವಳನ್ನು ಎತ್ತಿಕೊಂಡು ಊರು ಬಿಟ್ಟವಳು ಆ ಸಾವಿನ ಮಾತನ್ನೇ ಎತ್ತಲಿಲ್ಲ. ಮುಪ್ಪಿನಲ್ಲಿ ಮರಳಿ ಬಂದ ಗುನ್‌ವೋರ್‌ಗೆ ಅಪ್ಪ ಸತ್ತ ಜಾಗ ತೋರಿಸಿದ್ದು ಕಾಂಚನಾಳ ಆರನೆಯ ಫಲಕವೇ. ಅಂದಿನಿಂದ ದಿನಾ ಮಡಿಸುವ ಕುರ್ಚಿ, ಕಾಫಿ ಫ್ಲಾಸ್ಕು ತಂದು ಅದರ ಪಕ್ಕ ಕೂರುತ್ತಿದ್ದಳು. ಆ ಮುದುಕಿಯನ್ನು ನೆನೆದು ಕಾಂಚನಾ ರಾತ್ರಿಯೆಲ್ಲ ನಕ್ಷೆಯ ಮೇಲೆ ತಿರುವುಗಳನ್ನು ಮತ್ತೆ ಮತ್ತೆ ಎಣಿಸಿದಳು.

ಬೆಳಿಗ್ಗೆ ಆಫೀಸಿನಲ್ಲಿ ತಪ್ಪು ಒಪ್ಪಿಕೊಂಡಳು. ಉದ್ಘಾಟನೆ ಮುಂದಕ್ಕೆ ಹೋಯಿತು. ಗುತ್ತಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಆಫೀಸಿನ ಕಾರು ತೆಗೆದುಕೊಂಡು ನೇರ ಆರನೆಯ ಫಲಕಕ್ಕೆ ಹೋಗಿ, ತನಗೆ ಬರುವ ಅರೆಬರೆ ಸ್ವೀಡಿಷ್‌ನಲ್ಲಿ ಎಲ್ಲ ಹೇಳಿದಳು. ಗುನ್‌ವೋರ್ ಫಲಕದತ್ತ ಕೈ ತೋರಿಸಿದಳು.

“ಅಪ್ಪ ಇಲ್ಲಿಲ್ಲವೇ?”

“ಇಲ್ಲ. ನನ್ನದೇ ತಪ್ಪು.”

ಗುನ್‌ವೋರ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಕುರ್ಚಿ ಮಡಿಸಿ ಕಾಂಚನಾಳ ಕೈಗೆ ಕೊಟ್ಟಳು.

“ಹಾಗಾದರೆ ನಡಿ. ಒಂದು ತಿಂಗಳು ಹೇಳಿದ್ದನ್ನೆಲ್ಲ ಅವನಿಗೆ ಮೊದಲಿನಿಂದ ಹೇಳಬೇಕು.”