ನಿಂತುಹೋದ ಹಸಿರು ಚುಕ್ಕೆ

ತೀರ್ತಾ ನಮ್ಮ ಕೋಣೆಗೆ ಮೊದಲ ಸಲ ಬಂದ ದಿನ ರೆತ್ನೋ ಹನ್ನೊಂದು ಸಲ ನಕ್ಕಳು. ನಾನು ಎಣಿಸಿದ್ದೆ.

ರೆತ್ನೋ ನನ್ನ ಕಾಲೇಜಿನ ಗೆಳತಿ. ಹನ್ನೆರಡು ವರ್ಷದಿಂದ ಅವಳ ಮಾತಿಗೆ ನಾನು, ನನ್ನ ಮಾತಿಗೆ ಅವಳು. ಇಬ್ಬರೂ ಇದ್ದ ಕೆಲಸ ಬಿಟ್ಟು ನಮ್ಮೂರು ಮಲಾಂಗ್‌ನಲ್ಲಿ ಒಂದು ಬೇಕರಿಯ ಮೇಲಿನ ಕೋಣೆ ಹಿಡಿದು ಆ್ಯಪ್ ಕಟ್ಟಲು ಕೂತಿದ್ದೆವು. ಯೋಚನೆ ಅವಳದು. ನಮ್ಮ ಗಲ್ಲಿಗಳಿಗೆ ಬೆಳಿಗ್ಗೆ ಬೈಕಿನ ಮೇಲೆ ತರಕಾರಿ, ತೋಫು, ಮೀನು ಹೇರಿಕೊಂಡು ಮಾರುವವರು ಬರುತ್ತಾರಲ್ಲ, ಅವರು ಹಾರ್ನ್ ಹೊಡೆಯುವ ಹೊತ್ತಿಗೆ ರೆತ್ನೋಳ ಅಮ್ಮ ಬಚ್ಚಲಲ್ಲಿ ಇರುತ್ತಿದ್ದರು. ತಲೆಗೆ ಟವಲ್ಲು ಸುತ್ತಿಕೊಂಡು ಓಡಿಬರುವಷ್ಟರಲ್ಲಿ ಬೈಕು ಮುಂದಿನ ಗಲ್ಲಿ ಸೇರಿರುತ್ತಿತ್ತು. ಬೈಕು ಎಲ್ಲಿಗೆ ಬಂತು ಅಂತ ಫೋನಿನಲ್ಲೇ ಕಂಡರೆ ಹೇಗೆ? ಇಷ್ಟೇ ಯೋಚನೆ. ಅದನ್ನು ಕಟ್ಟುವುದು ನನ್ನ ಪಾಲಿಗೆ ಬಂದಿತ್ತು.

ಏಳು ತಿಂಗಳು ಕಟ್ಟಿದೆ. ಇಪ್ಪತ್ತಮೂರು ಪರದೆ ಆದವು. ಅಡುಗೆಯ ಸಲಹೆ, ತರಕಾರಿಗೆ ಮುಂಗಡ ಆರ್ಡರು, ಮಾರುವವರಿಗೆ ನಕ್ಷತ್ರ ಕೊಡುವ ಪುಟ, ಹಬ್ಬದ ಪಟ್ಟಿ. ಒಂದೊಂದನ್ನೂ ಮಗುವಿಗೆ ತಲೆ ಬಾಚುವ ಹಾಗೆ ತಿದ್ದಿದ್ದೆ. ಆದರೆ ಒಬ್ಬ ಹೆಂಗಸಾದರೂ ಅದನ್ನು ಮುಟ್ಟಿ ನೋಡಿರಲಿಲ್ಲ. "ಇನ್ನೊಂದು ಸ್ವಲ್ಪ" ಅಂತ ನಾನು ಹೇಳುತ್ತಲೇ ಇದ್ದೆ.

ಆಗ ರೆತ್ನೋ ಈ ತೀರ್ತಾನನ್ನು ಕರೆದುಕೊಂಡು ಬಂದಳು. ಇಪ್ಪತ್ತಾರು ವರ್ಷ, ಎರಡು ವರ್ಷ ಪಾರ್ಸೆಲ್ ಹಂಚುತ್ತಾ ತಾನಾಗಿ ಕೋಡ್ ಬರೆಯಲು ಕಲಿತವನು. ನನ್ನ ಇಪ್ಪತ್ತಮೂರು ಪರದೆಯನ್ನೂ ತಾಳ್ಮೆಯಿಂದ ನೋಡಿದ.

"ಅಕ್ಕಾ, ಭಾರೀ ಚೆನ್ನಾಗಿದೆ," ಅಂದ. "ಇದ್ರಲ್ಲಿ ಮೂರು ಇಟ್ಕೊಂಡು ಉಳಿದಿದ್ದು ಪೆಟ್ಟಿಗೇಲಿ ಹಾಕಿಡೋಣ."

"ಯಾವ ಮೂರು?"

"ಬೈಕು ಹೊರಟಿತು ಅನ್ನೋ ಗುಂಡಿ ಒಂದು. ಮ್ಯಾಪಿನ ಮೇಲೆ ಚುಕ್ಕೆ ಒಂದು. ಹತ್ತಿರ ಬಂದಾಗ ಟಿಂಗ್ ಅನ್ನೋದು ಒಂದು. ಎಂವಿಪಿ ಅಂದ್ರೆ ಮತ್ತೇನಕ್ಕಾ, ಕೆಲಸಕ್ಕೆ ಬರೋ ಅಷ್ಟು ಮಾಡಿ ಜನರ ಕೈಗೆ ಕೊಡೋದು. ಅವರು ಬೈದ್ರೆ ಆಮೇಲೆ ಉಳಿದಿದ್ದು."

"ಬೈತಾರೆ ಬಿಡು," ಅಂದೆ.

"ಬೈಯೋಕಾದ್ರೂ ಒಬ್ರು ಬೇಕಲ್ಲೇ ಪಲುಪಿ!" ಅಂದು ರೆತ್ನೋ ನಕ್ಕಳು. ಅದು ಹನ್ನೊಂದನೆಯದು.

ಮೂರು ವಾರದಲ್ಲಿ ಅವನು ಮುಗಿಸಿಯೇಬಿಟ್ಟ. ನಾನು ಏಳು ತಿಂಗಳು ತಿಣುಕಿದ ಜಾಗದಲ್ಲಿ ಅವನು ಸಿಳ್ಳೆ ಹಾಕುತ್ತಾ ಕೂತಿರುತ್ತಿದ್ದ. ರೆತ್ನೋ ಮೊದಲೆಲ್ಲ ಬಂದ ಕೂಡಲೇ ನನ್ನ ಪಕ್ಕದ ಕುರ್ಚಿ ಎಳೆಯುತ್ತಿದ್ದವಳು, ಈಗ ಅವನ ಭುಜದ ಮೇಲಿಂದ ಬಗ್ಗಿ ಪರದೆ ನೋಡುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಪೆಚೆಲ್, ಅಂದರೆ ಕಡಲೆಬೀಜದ ಗೊಜ್ಜು ಸುರಿದ ತರಕಾರಿ, ತರಿಸುವಾಗ ಅವನಿಗೆ ಖಾರ ಕಮ್ಮಿ ಅಂತ ಅವಳಿಗೆ ಮೊದಲ ವಾರಕ್ಕೇ ಗೊತ್ತಾಗಿತ್ತು. ನನಗೆ ಕಡಲೆಬೀಜ ಜಾಸ್ತಿ ಬೇಕು ಅನ್ನುವುದು ಗೊತ್ತಾಗಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ಇಂಥ ಲೆಕ್ಕ ಇಡುವಷ್ಟು ಸಣ್ಣವಳಾಗಿದ್ದೇನೆ ಅಂತ ನನಗೇ ನಾಚಿಕೆಯಾಗುತ್ತಿತ್ತು. ಆದರೂ ಇಡುತ್ತಿದ್ದೆ.

ಪರೀಕ್ಷೆಗೆ ಒಪ್ಪಿದವರು ಬು ತುಕಿನೆಂ; ನಮ್ಮಲ್ಲಿ ದೊಡ್ಡ ಹೆಂಗಸರನ್ನು ಬು ಅಂತಲೇ ಕರೆಯುವುದು. ರೆತ್ನೋಳ ಅಮ್ಮನ ಬೀದಿಗೆ ಇಪ್ಪತ್ತು ವರ್ಷದಿಂದ ತರಕಾರಿ, ಮೀನು ತರುವ ಗಟ್ಟಿ ಹೆಂಗಸು. ಆ ಬೀದಿಯ ಸುತ್ತಲಿನ ನಲವತ್ತು ಮನೆಯವರ ಫೋನಿಗೆ ನಾವು ಆ್ಯಪ್ ಹಾಕಿಕೊಟ್ಟೆವು. ಬು ತುಕಿನೆಂ ತಮ್ಮ ಫೋನನ್ನು ಕುಪ್ಪಸದೊಳಗಿಂದ ತೆಗೆದು ಕೊಟ್ಟರು. ಗಾಜು ಬಿರುಕು ಬಿಟ್ಟ, ಅಗ್ಗದ, ಹಳೆಯ ಫೋನು.

ಅದನ್ನು ಕಂಡದ್ದೇ ನನಗೆ ಗೊತ್ತಾಯಿತು. ಅಂಥ ಫೋನುಗಳು ಬ್ಯಾಟರಿ ಉಳಿಸಲು ಒಂದು ಕೆಲಸ ಮಾಡುತ್ತವೆ: ಪರದೆ ಆರಿದ ಸ್ವಲ್ಪ ಹೊತ್ತಿಗೆ ಹಿಂದೆ ಓಡುತ್ತಿರುವ ಆ್ಯಪನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತವೆ. ಬೈಕು ಮುಂದೆ ಹೋಗುತ್ತದೆ, ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ. ಮಾರ್ಚಿನಲ್ಲಿ ಇದೇ ತೊಂದರೆಯೊಂದಿಗೆ ನಾನು ಎರಡು ವಾರ ಗುದ್ದಾಡಿ ಒಂದು ದಾರಿ ಕಂಡುಕೊಂಡಿದ್ದೆ. ಅದು ಪೆಟ್ಟಿಗೆ ಸೇರಿದ ನನ್ನ ಕೋಡಿನಲ್ಲೇ ಇತ್ತು. ತೀರ್ತಾ ತನ್ನದನ್ನು ತನ್ನ ಒಳ್ಳೆಯ ಫೋನಿನಲ್ಲಿ ಮಾತ್ರ ಓಡಿಸಿ ನೋಡಿದ್ದ.

ಶುಕ್ರವಾರ ಅವನೇ ಕೇಳಿದ. "ಅಕ್ಕಾ, ಸೋಮವಾರ ಬಿಡ್ತಾ ಇದೀವಿ. ನಿಮ್ಮಷ್ಟು ಇದ್ರಲ್ಲಿ ಮುಳುಗಿದೋರು ಯಾರೂ ಇಲ್ಲ. ಏನಾದ್ರೂ ಬಿಟ್ಟಿದೀನಾ?"

ರೆತ್ನೋ ಕೂಡ ತಲೆ ಎತ್ತಿ ನನ್ನ ಕಡೆ ನೋಡಿದಳು. ಹೇಳಲು ಅರ್ಧ ನಿಮಿಷ ಸಾಕಿತ್ತು. ನಾನು ಅವನ ಪರದೆಯನ್ನು ಮೇಲಿಂದ ಕೆಳಕ್ಕೆ ಎಳೆದು ನೋಡುವ ಹಾಗೆ ಮಾಡಿದೆ.

"ಎಲ್ಲಾ ಸರಿ ಇದೆ," ಅಂದೆ.

ಸೋಮವಾರ ಆರೂವರೆಗೆ ಬು ತುಕಿನೆಂ ಹೊರಟರು. ನಾವು ಮೂವರೂ ಕೋಣೆಯಲ್ಲಿ ದೊಡ್ಡ ಪರದೆಯ ಮುಂದೆ ಕೂತಿದ್ದೆವು. ಹಸಿರು ಚುಕ್ಕೆ ಮಾರುಕಟ್ಟೆಯಿಂದ ಹೊರಟು, ತಿರುವು ದಾಟಿ, ಸೇತುವೆಯ ತನಕ ಬಂತು. ರೆತ್ನೋ ಚಪ್ಪಾಳೆ ಹೊಡೆದಳು. ಚುಕ್ಕೆ ಸೇತುವೆಯ ಮೇಲೆ ನಿಂತಿತು.

"ಯಾರೋ ಸಿಕ್ಕಿರಬೇಕು, ಮಾತಾಡ್ತಾ ನಿಂತಿದಾರೆ," ಅಂದ ತೀರ್ತಾ.

ಏಳು ಗಂಟೆಯಾಯಿತು, ಏಳೂವರೆಯಾಯಿತು. ಚುಕ್ಕೆ ಕದಲಲಿಲ್ಲ. ಬು ತುಕಿನೆಂಗೆ ಫೋನ್ ಮಾಡಿದರೆ ಎತ್ತಲಿಲ್ಲ, ಬೈಕು ಓಡಿಸುತ್ತಿದ್ದರಲ್ಲ. ಎಂಟಕ್ಕೆ ರೆತ್ನೋಳ ಅಮ್ಮನ ಫೋನ್ ಬಂತು. ಅವರ ಕೂಗು ನಮಗೆಲ್ಲ ಕೇಳಿಸಿತು.

"ಇನ್ನೂ ಸೇತುವೆ ಮೇಲಿದಾಳೆ ಅಂತ ತೋರಿಸ್ತು ಕಣೇ! ಸರಿ ಅಂತ ಸ್ನಾನಕ್ಕೆ ಹೋದೆ. ಬಂದು ನೋಡಿದ್ರೆ ಅವಳು ಯಾವಾಗಲೋ ಬಂದು ಹೋಗಿದಾಳಂತೆ. ಪಕ್ಕದ ಮನೆಯವಳೂ ಹಾಗೇ ಕಾಯ್ತಾ ಕೂತಿದ್ಲು. ಹಾರ್ನೂ ಹೊಡೀಲಿಲ್ಲ ಮಾರಾಯ್ತಿ!"

ಹಾರ್ನ್ ಹೊಡೆಯಬೇಡಿ ಅಂತ ಹೇಳಿದ್ದೇ ನಾವು. ಆ್ಯಪೇ ಕರೆಯುತ್ತೆ, ನೀವು ಸುಮ್ಮನೆ ಬನ್ನಿ ಸಾಕು ಅಂತ.

ತೀರ್ತಾನ ಸಿಳ್ಳೆ ನಿಂತಿತು. ರೆತ್ನೋ ಅವನನ್ನು ಬೈಯಲಿಲ್ಲ, ಆದರೆ ಅವನ ಕಡೆಗೆ ನೋಡಲೂ ಇಲ್ಲ. ಕುರ್ಚಿ ಎಳೆದು ನನ್ನ ಪಕ್ಕ ಬಂದು ಕೂತು, "ಈಗೇನೇ ಮಾಡೋದು?" ಅಂದಳು. ಸುಳ್ಳು ಹೇಳುವುದಿಲ್ಲ, ಆ ಒಂದು ಗಂಟೆ ನನಗೆ ಸುಖವಾಗಿತ್ತು. ಬಿಸಿಲಲ್ಲಿ ನಡೆದು ಬಂದು ತಣ್ಣೀರು ಕುಡಿದ ಹಾಗೆ.

ಹತ್ತಕ್ಕೆ ಬು ತುಕಿನೆಂ ಮನೆಗೆ ಹೋದೆವು. ಮಾಮೂಲಿನಂತೆ ಆ ಹೊತ್ತಿಗೆ ಖಾಲಿಯಾಗಿ ಜಗಲಿಯಲ್ಲಿ ಒಣಗುತ್ತಿರಬೇಕಾದ ಬುಟ್ಟಿಗಳು ತುಂಬಿದ್ದ ಹಾಗೇ ಇದ್ದವು. ಕಂಕುಂಗ್ ಸೊಪ್ಪು ಬಾಡಿ ಜೋತುಬಿದ್ದಿತ್ತು. ಅವರು ನೆಲದ ಮೇಲೆ ಕೂತು ಮೀನುಗಳನ್ನು ಒಂದೊಂದಾಗಿ ಮೂಸಿ ನೋಡುತ್ತಾ, ಕೆಟ್ಟದ್ದನ್ನು ಒಂದು ಕಡೆ, ನೆರೆಯವರಿಗೆ ಕೊಡಬಹುದಾದ್ದನ್ನು ಇನ್ನೊಂದು ಕಡೆ ಇಡುತ್ತಿದ್ದರು.

ನಮ್ಮನ್ನು ಕಂಡು ಬಟ್ಟೆಗೆ ಕೈ ಒರೆಸಿಕೊಂಡು ಎದ್ದರು. ಅವರು ಬೈದಿದ್ದರೆ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ.

"ನಾನೇ ಏನೋ ತಪ್ಪು ಒತ್ತಿಬಿಟ್ಟೆ ಮಕ್ಕಳಾ," ಅಂದರು. "ನನ್ನ ಬೆರಳು ನೋಡಿ, ಎಷ್ಟು ದಪ್ಪ. ನಿಮ್ಮ ಇಷ್ಟು ದಿನದ ಕೆಲಸ ಕೆಡಿಸಿಬಿಟ್ಟೆ ಅಲ್ವಾ?"

"ಇಲ್ಲ ಬು, ತಪ್ಪು ನಂದು," ಅಂದ ತೀರ್ತಾ. "ಆತುರ ಪಟ್ಟೆ. ಅಕ್ಕ ನಿಧಾನ ಮಾಡ್ತಿದ್ದಿದ್ದೇ ಸರಿ ಇತ್ತು."

ಇಬ್ಬರು ತಪ್ಪಿಲ್ಲದವರು ನನ್ನ ತಪ್ಪನ್ನು ನಾ ಮುಂದು ತಾ ಮುಂದು ಅಂತ ಎಳೆದುಕೊಳ್ಳುತ್ತಿದ್ದರು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

"ನನಗೆ ಗೊತ್ತಿತ್ತು," ಅಂದೆ.

ತೀರ್ತಾಗೆ ಅರ್ಥವಾಗಲಿಲ್ಲ. "ಏನಕ್ಕಾ?"

"ಈ ಫೋನು ಆ್ಯಪನ್ನ ನಿಲ್ಲಿಸುತ್ತೆ ಅಂತ. ಶುಕ್ರವಾರ ನೀನು ಕೇಳಿದಾಗ್ಲೂ ಗೊತ್ತಿತ್ತು."

ರೆತ್ನೋ ನಿಧಾನವಾಗಿ ನನ್ನ ಕಡೆ ತಿರುಗಿದಳು. "ಯಾವಾಗಿಂದ?"

"ಮಾರ್ಚಿಂದ."

ಬು ತುಕಿನೆಂ ನನ್ನನ್ನು ನೋಡಿದರು, ತೀರ್ತಾನನ್ನು ನೋಡಿದರು, ಆಮೇಲೆ ರೆತ್ನೋಳನ್ನು. ಇಪ್ಪತ್ತು ವರ್ಷ ನಲವತ್ತು ಮನೆಯ ಬಾಗಿಲಲ್ಲಿ ನಿಂತ ಹೆಂಗಸಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಹೊಟ್ಟೆಕಿಚ್ಚಾ?" ಅಂತ ನೇರವಾಗಿ ಕೇಳಿದರು.

ಹೌದು ಅಂತ ತಲೆಯಾಡಿಸಿದೆ.

"ಹೊಟ್ಟೆಕಿಚ್ಚು ಪಡೋದಿದ್ರೆ ನಿನ್ನ ಮೀನು ಕೆಡಿಸ್ಕೊಳ್ಳಮ್ಮ. ನಂದ್ಯಾಕೆ ಕೆಡಿಸ್ದೆ?"

ಕೂತು ಅವರ ಜೊತೆ ಮೀನು ಆರಿಸತೊಡಗಿದೆ. ಬೇಡ ಅನ್ನಲಿಲ್ಲ ಅವರು. ರೆತ್ನೋ ಹೊರಟುಹೋದಳು. ತೀರ್ತಾ ಬಾಗಿಲ ತನಕ ಹೋದವನು ವಾಪಸು ಬಂದು, ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟು, ಬಾಡಿದ ಸೊಪ್ಪನ್ನು ಬಿಡಿಸಲು ಕೂತ. ನನ್ನ ಕಡೆ ಮಾತ್ರ ಬೆನ್ನು ಹಾಕಿದ್ದ.

ಮಾರನೆಯ ದಿನ ಕೋಣೆಯಲ್ಲಿ ರೆತ್ನೋ, "ನೀನು ಬಿಟ್ಟು ಹೋಗ್ತೀಯೋ, ಸರಿ ಮಾಡ್ತೀಯೋ?" ಅಂತ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಬ್ಯಾಂಕಿನ ಕಿಟಕಿಯಲ್ಲಿ ಕೂತವರು ಕೇಳುವ ಹಾಗಿತ್ತು.

"ಸರಿ ಮಾಡ್ತೀನಿ."

"ಹಾಗಾದ್ರೆ ಅವನ ಪಕ್ಕ ಕೂತ್ಕೋ."

ಕೂತೆ. ಮಾರ್ಚಿನ ನನ್ನ ದಾರಿಯನ್ನು ಅವನಿಗೆ ತೋರಿಸಿದೆ. ಒಟ್ಟು ಎಂಟುನೂರು ಸಾಲು ಕೋಡ್. ಅವನು ಪೂರ್ತಿ ಓದಿದ. ಒಳ್ಳೆಯ ಕೆಲಸ ಅಂತ ಒಪ್ಪಿದ. ಆಮೇಲೆ ಗಲ್ಲ ಕೆರೆದುಕೊಳ್ಳುತ್ತಾ, "ಅಲ್ಲಕ್ಕಾ, ಚುಕ್ಕೆನೇ ಬೇಡ ಅಂದ್ರೆ?" ಅಂದ.

"ಅಂದ್ರೆ?"

"ಬು ಅವರು ದಿನಾ ಹೋಗೋದು ಅದೇ ಆರು ಗಲ್ಲಿ. ಆರು ದೊಡ್ಡ ಗುಂಡಿ ಕೊಡೋಣ. ಒಂದೊಂದು ಗಲ್ಲಿ ಬಾಯಿಗೆ ಬಂದಾಗ ಆ ಗುಂಡಿ ಒತ್ಲಿ, ಆ ಗಲ್ಲಿಯವರಿಗೆಲ್ಲಾ ಟಿಂಗ್. ಫೋನು ಮಲಗಿದ್ರೂ ತೊಂದ್ರೆ ಇಲ್ಲ, ಮ್ಯಾಪೂ ಬೇಡ."

ನನ್ನ ಎಂಟುನೂರು ಸಾಲು ಒಂದೇ ಮಾತಿಗೆ ಕಸವಾಯಿತು. ಇಷ್ಟು ಸುಲಭದ್ದು ನನಗೆ ಏಳು ತಿಂಗಳಲ್ಲಿ ಹೊಳೆಯಲಿಲ್ಲವಲ್ಲ! ಜೊತೆಗೇ ಇನ್ನೊಂದೂ ಹೊಳೆಯಿತು: ನದಿಯ ಪಕ್ಕದ ಗಲ್ಲಿ ಮೆಟ್ಟಿಲು ಇಳಿದು ತಗ್ಗಿನಲ್ಲಿದೆ, ಅಲ್ಲಿ ಮನೆಯೊಳಗಿನ ವೈಫೈ ಬಿಟ್ಟರೆ ಬೀದಿಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಗುಂಡಿ ಒತ್ತಿದರೂ ಸುದ್ದಿ ಹೋಗುವುದಿಲ್ಲ. ಅದು ಅವನಿಗೆ ಗೊತ್ತಿರಲಿಲ್ಲ. ಒಂದು ಕ್ಷಣ, ನಿಜ ಹೇಳುತ್ತೇನೆ, ಒಂದು ಕ್ಷಣ ಸುಮ್ಮನಿದ್ದೆ.

"ನದಿ ಗಲ್ಲೀಲಿ ಸಿಗ್ನಲ್ ಇಲ್ಲ," ಅಂದೆ. "ಆ ಗುಂಡೀನ ಮೇಲೆ ಮೆಟ್ಟಿಲ ಹತ್ರಾನೇ ಒತ್ತೋಕೆ ಹೇಳ್ಬೇಕು."

ಬು ಮನೆಯಿಂದ ಬಂದಮೇಲೆ ಅವನು ಮೊದಲ ಸಲ ನನ್ನ ಮುಖ ನೋಡಿದ. "ಥ್ಯಾಂಕ್ಸ್ ಅಕ್ಕಾ." ಅಷ್ಟು ಹೇಳಿ ಬರೆದುಕೊಂಡ.

ಎರಡನೆಯ ಸಲ ಹೊರಟಾಗ ನಾನು ಬು ತುಕಿನೆಂ ಹಿಂದೆ ನನ್ನ ಸ್ಕೂಟರಿನಲ್ಲಿ ಹೋದೆ, ಒಂದು ವಾರ ಪೂರ್ತಿ. ಈ ಸಲ ಹಾರ್ನೂ ಹೊಡೆದರು, ಗುಂಡಿಯೂ ಒತ್ತಿದರು. ಮೊದಲ ದಿನ ಹನ್ನೊಂದು ಮನೆಯವರು ಬೈಕು ನಿಲ್ಲುವ ಮೊದಲೇ ಬುಟ್ಟಿ ಹಿಡಿದು ಬಾಗಿಲಲ್ಲಿದ್ದರು. ಶನಿವಾರದ ಹೊತ್ತಿಗೆ ಮೂವತ್ತು ಆಯಿತು. ರೆತ್ನೋಳ ಅಮ್ಮ ಒಣಗಿದ ತಲೆಯಲ್ಲೇ ಹೊರಗೆ ಬಂದು, ಮೆಣಸಿನಕಾಯಿ ಆರಿಸುತ್ತಾ, "ಇದನ್ನ ಮೊದಲೇ ಮಾಡೋಕೇನಾಗಿತ್ತು ನಿಮ್ಗೆ?" ಅಂದರು. ಬು ತುಕಿನೆಂ ನನ್ನನ್ನು ಬಿಟ್ಟುಕೊಡಲಿಲ್ಲ. "ಬೇಯೋಕೆ ಹೊತ್ತು ಬೇಡ್ವೇನಮ್ಮಾ?" ಅಂದು ತಕ್ಕಡಿ ಎತ್ತಿದರು.

ರೆತ್ನೋ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೇನೂ ಆಡದೆ ಎರಡು ತಿಂಗಳು ಕಳೆದಳು. ತೀರ್ತಾನನ್ನು ನಮ್ಮಿಬ್ಬರ ಸಮಕ್ಕೆ ಪಾಲುದಾರನನ್ನಾಗಿ ಮಾಡಿದಳು. ನಾನು ಸಹಿ ಹಾಕಿದೆ.

ಅಕ್ಟೋಬರಿನಲ್ಲಿ ತರಕಾರಿ ಮಾರುವವರ ಸಹಕಾರ ಸಂಘದವರು ನಮ್ಮನ್ನು ಕರೆಸಿದರು. ತೊಂಬತ್ತು ಮಂದಿ, ಹೆಚ್ಚಿನವರು ಹೆಂಗಸರು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಲಗಲ ಅನ್ನುತ್ತಾ ಕೂತಿದ್ದರು. ಯಾರು ಮಾತಾಡುವುದು ಅಂತ ರೆತ್ನೋ ಕೇಳಿದಾಗ, "ಅವನೇ ಆಡ್ಲಿ, ಅವನ ಮಾತು ಅವರಿಗೆ ಹಿಡಿಸುತ್ತೆ," ಅಂದೆ. ಹಾಗೆ ಅನ್ನಲು ಎರಡು ದಿನ ತಯಾರಿ ಮಾಡಿಕೊಂಡಿದ್ದೆ.

ಅವನು ಆಡಿದ. ಪಾರ್ಸೆಲ್ ಹಂಚುವಾಗ ನಾಯಿ ಅಟ್ಟಿಸಿಕೊಂಡು ಬಂದ ಕಥೆ ಹೇಳಿ ಎಲ್ಲರನ್ನೂ ನಗಿಸಿದ. ಆಮೇಲೆ ಆರು ಗುಂಡಿ ತೋರಿಸಿದ. ಹೆಂಗಸರು ಚಪ್ಪಾಳೆ ಹೊಡೆದರು, ಯಾರೋ ಒಬ್ಬಾಕೆ "ನಮ್ಮ ಹುಡುಗೀಗೆ ತಗೊಳ್ತೀವಿ ನಿನ್ನ!" ಅಂತ ಕೂಗಿದಳು. ಹಿಂದಿನ ಸಾಲಿನಲ್ಲಿ ರೆತ್ನೋ ಪಕ್ಕ ಕೂತು ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ, ಅಂಗೈ ಉರಿಯುವಷ್ಟು ಜೋರಾಗಿ.

ರೆತ್ನೋ ಮುಂದಕ್ಕೆ ನೋಡುತ್ತಲೇ ಕೇಳಿದಳು. "ಉರೀತಿದ್ಯಾ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಹೂಂ. ಉರೀತಿದೆ."

ವೇದಿಕೆಯ ಮೇಲೆ ತೀರ್ತಾ ಎರಡೂ ಕೈ ಜೋಡಿಸಿ ಬಾಗುತ್ತಿದ್ದ.

"ನನಗೂ ಕಣೇ," ಅಂದಳು. "ಯೋಚನೆ ನಂದು. ನನ್ನ ಹೆಸರು ಒಂದ್ಸಲಾನೂ ಎತ್ಲಿಲ್ಲ ನೋಡು ಇವನು."

ಇಬ್ಬರಿಗೂ ಒಟ್ಟಿಗೇ ನಗು ಬಂತು. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿ, ಸುಮ್ಮನಿರಿ ಅಂತ ಕಣ್ಣಲ್ಲೇ ಗದರಿದಳು.