ಒಣ ಕಬ್ಬಿಣ

ಚಂದ್ರಶೇಖರ ಅಕ್ಕಲಕೋಟೆಯಲ್ಲಿ ಬಸ್ಸಿನಿಂದ ಇಳಿದಾಗ ಅವನ ಕೈಚೀಲದಲ್ಲಿ ಇದ್ದದ್ದು ಒಂದೇ ವಸ್ತು: ತಮ್ಮ ತುಷಾರನ ಕಣ್ಣು ತೆಗೆದ ಲಾಳಿ. ಮಗ್ಗದಲ್ಲಿ ಅಡ್ಡ ನೂಲು ಒಯ್ಯುವಂಥದು, ಗಟ್ಟಿ ಮರದ್ದು, ಎರಡೂ ತುದಿಗೆ ಉಕ್ಕಿನ ಮೊನೆ. ಸೊಲ್ಲಾಪುರದಲ್ಲಿ ಚಾದರ ನೇಯುವ ವಿದ್ಯುತ್ ಮಗ್ಗಗಳ ಯಜಮಾನ ಚಂದ್ರಶೇಖರ. ಸಿಟ್ಟು ಬಂದರೆ ಯಾರ ಮಾತನ್ನೂ ಕೇಳುವವನಲ್ಲ, ಬರದಿದ್ದಾಗಲೂ ಅಷ್ಟಕ್ಕಷ್ಟೇ.

ಅಕ್ಕಲಕೋಟೆಯ ಪ್ರಸಾದ ಮಾಸ್ತರ ರಸಾಯನಶಾಸ್ತ್ರ ಕಲಿಸುತ್ತಿದ್ದ. ಹಿತ್ತಲಲ್ಲಿ ಅದೇನೋ ಉಪ್ಪು ತಯಾರಿಸುತ್ತಿದ್ದ. ನೀರು ಸೇರಿಸದೆಯೇ ಎಣ್ಣೆಯ ಹಾಗೆ ಹರಿಯುವ ಉಪ್ಪು. ಮಗ್ಗದ ಎಣ್ಣೆಗೆ ಅದನ್ನು ಒಂದಿಷ್ಟು ಬೆರೆಸಿದರೆ ಉಕ್ಕಿಗೆ ಉಕ್ಕು ತಿಕ್ಕುವುದೇ ಇಲ್ಲ ಎನ್ನುತ್ತಿದ್ದ. ಸುಳ್ಳಲ್ಲ. ದಸರೆಗೆ ಮುಂಚೆ ಚಂದ್ರಶೇಖರ ಅಂಥ ಎಣ್ಣೆಯ ಒಂದು ಡಬ್ಬಿ ತಂದು ಬೇರಿಂಗುಗಳಿಗೆ ಹಾಕಿದ್ದೇ ತಡ, ಕಿರುಗುಟ್ಟುವುದು ನಿಂತಿತು, ಮೋಟರಿನ ಬಿಸಿ ಇಳಿಯಿತು. ಪೇಟೆಯೆಲ್ಲ ಹೊಗಳಿಕೊಂಡು ತಿರುಗಿದ.

ಆಮೇಲೆ ಆಯುಧ, ಯಂತ್ರಗಳನ್ನು ಪೂಜಿಸುವ ಖಂಡೇಪೂಜೆ ಬಂತು. ಹಬ್ಬ ಮುಗಿದು ಮಗ್ಗ ಶುರುವಾದ ದಿನವೇ ತುಷಾರ ಮಗ್ಗ ನಿಲ್ಲಿಸುವ ಹಿಡಿಕೆ ಎಳೆದು, ಹರಿದ ಎಳೆ ಕಟ್ಟಲು ಬಗ್ಗಿದ. ಮಗ್ಗ ನಿಲ್ಲಲಿಲ್ಲ. ಜಾರಿ ಇನ್ನೊಂದು ಏಟು ಹೊಡೆಯಿತು. ಲಾಳಿ ಹಾರಿ ನೇರ ಎಡಗಣ್ಣಿಗೆ ನಾಟಿತು. ಕಣ್ಣು ಉಳಿಯುವುದಿಲ್ಲ ಎಂದರು ಡಾಕ್ಟರು.

“ಬರ್ರಿ ಚಂದ್ರಶೇಖರ, ಎಣ್ಣಿ ಹೆಂಗ ನಡದೈತ್ರಿ?” ಎಂದು ಮಾಸ್ತರ ನಗುತ್ತಲೇ ಬಾಗಿಲು ತೆಗೆದ. ಲಾಳಿಯ ಮೊದಲ ಏಟು ಅವನ ಬಾಯಿಗೇ ಬಿತ್ತು. ಹಲ್ಲು, ರಕ್ತ ಎರಡೂ ಹೊಸ್ತಿಲ ಮೇಲೆ ಬಿದ್ದವು. ಚಂದ್ರಶೇಖರ ಅವನ ಬಲಗೈಯನ್ನು ಅದೇ ಹೊಸ್ತಿಲಿಗೆ ಮೊಣಕಾಲಿನಿಂದ ಒತ್ತಿ ಹಿಡಿದ.

“ಈ ಕೈಲೇ ಏನ ಕಲಸಿದ್ದಿ? ನನ್ನ ತಮ್ಮನ ಕಣ್ಣ ತಿಂದಿ!”

“ಬ್ರೇಕಿಗಿ ಮುಟ್ಟಸಬ್ಯಾಡ್ರಿ ಅಂದಿದ್ನಲ್ರಿ... ಅಲ್ಲಿ ತಿಕ್ಕಬೇಕ್ರಿ, ತಿಕ್ಕಿದ್ರನ ಮಗ್ಗ ನಿಲ್ಲತೈತಿ...”

“ಯಾವನೂ ಮುಟ್ಟಸಿಲ್ಲಲೇ!”

ಲಾಳಿ ಎದ್ದು ಬಿತ್ತು, ಮತ್ತೆ ಎದ್ದು ಬಿತ್ತು. ಬೆರಳುಗಳು ಮುರಿದ ಸಪ್ಪಳ ಒಳಗಿದ್ದ ಮಾಸ್ತರನ ಹೆಂಡತಿ ಸ್ನೇಹಲಳಿಗೂ ಕೇಳಿಸಿತು. ಆಕೆ ಕಿರುಚಿದಳು. ಓಣಿಯ ಜನ ಸೇರಿದರು, ಆದರೆ ಆ ರಕ್ತದ ಲಾಳಿ ನೋಡಿ ಒಬ್ಬನೂ ಅಡ್ಡ ಬರಲಿಲ್ಲ.

ಚಂದ್ರಶೇಖರ ಸೊಲ್ಲಾಪುರಕ್ಕೆ ಮರಳಿದಾಗ ಅವನ ತಾಯಿ ವೇಣೂಬಾಯಿ ಮಗ್ಗದ ಕೆಳಗೆ ಒಣಗಿದ ರಕ್ತ ಒರೆಸುತ್ತಿದ್ದಳು.

“ಮಾಸ್ತರನ ಕೈ ಮುರದ ಬಂದೀನಿ ಅವ್ವಾ. ಬ್ರೇಕಿಗಿ ಹಚ್ಚೀರಿ ಅಂತಾನ. ಸುಳ್ಳ ಬೊಗಳತಾನ.”

ವೇಣೂಬಾಯಿಯ ಕೈ ನಿಂತಿತು. ಚಂದ್ರಶೇಖರ ಬ್ರೇಕಿನ ಗಾಲಿಯ ಕಡೆ ನೋಡಿದ. ಅದರ ಮೇಲೆ ಪೂಜೆಯ ಕುಂಕುಮ ಇನ್ನೂ ಇತ್ತು. ಮುಟ್ಟಿದ, ಬೆರಳು ಜಾರಿತು.

“ನಾ ಹಚ್ಚೀನಿ” ಎಂದಳು ತಾಯಿ. “ಖಂಡೇಪೂಜಿ ದಿನ ಯಾವ ಕಬ್ಬಿಣಾನೂ ಒಣಾ ಬಿಡಬಾರ್ದು ಅಂತ ನಮ್ಮತ್ತಿ ಕಲಿಸ್ಯಾಳ. ಪ್ರತಿ ವರ್ಷ ಕೊಬ್ಬರಿ ಎಣ್ಣಿ ಹನಿಯಷ್ಟ ಮುಟ್ಟಸ್ತಿದ್ದೆ. ಈ ಸಲ ನೀನ ಆ ಎಣ್ಣಿ ಹೊಗಳಿದ್ದಿ. ಅದನ್ನ ತುಂಬ ಬಳದೆ. ಎಲ್ಲಿ ಹಚ್ಚಬಾರ್ದು ಅಂತ ನನಗ ಹೇಳಲಿಲ್ಲ ನೀ.”

ಹೇಳುವುದಿರಲಿ, ಮಾಸ್ತರ ಹೇಳಿದ್ದನ್ನು ಅವನೇ ಕಿವಿಗೆ ಹಾಕಿಕೊಂಡಿರಲಿಲ್ಲ. ಆ ಮಾತು ಈಗ ನೆನಪಾಯಿತು.

ವೇಣೂಬಾಯಿ ಎದ್ದಳು. ಅವನ ಚೀಲದಿಂದ ಲಾಳಿ ತೆಗೆದು ಅವನ ಮುಷ್ಟಿಯಲ್ಲಿಟ್ಟಳು. ತನ್ನ ಬಲಗೈ ಬಿಚ್ಚಿ ಮಗ್ಗದ ಕಬ್ಬಿಣದ ಮೇಲೆ ಊರಿದಳು.

“ಹಚ್ಚಿದ ಕೈ ಇದು. ಹೊಡಿ.”

ಚಂದ್ರಶೇಖರ ನೆಲಕ್ಕೆ ಕುಸಿದು ಗೊಳೋ ಎಂದು ಅತ್ತ. ಆಕೆ ಕೈ ತೆಗೆಯಲಿಲ್ಲ.