ಬೀದಿಗೆ ಕಾಣಬಾರದ ಬಟ್ಟೆ

"ಜಗ್ಗೋ! ಬೆಳಿಗ್ಗೆ ಏನೂ ತಿಂದಿಲ್ವಾ? ಇನ್ನೂ ಜೋರಾಗಿ ಜಗ್ಗು!"

ಐವಿ ಕೂಗಿದ ರಭಸಕ್ಕೆ ಅವಳ ಮಗ ನೆವಿಲ್ ಒಂದು ಕಾಲನ್ನು ಗೋಡೆಗೆ ಕೊಟ್ಟು ಎರಡೂ ಕೈಯಿಂದ ಎಳೆದ. ಬಾಗಿಲು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅದರ ಹಿಡಿಯೇ ಕಿತ್ತು ಅವನ ಕೈಗೆ ಬಂತು. ಕರಿ ಕೋಟು ತೊಟ್ಟ ಅಷ್ಟೆತ್ತರದ ಗಂಡಸು ಮುಗ್ಗರಿಸುತ್ತಾ ಹಿಂದಕ್ಕೆ ಬಂದು ಶವಪೆಟ್ಟಿಗೆಗೆ ತಾಗಿ ನಿಂತ.

"ತಪ್ಪಾಯ್ತು ದೊಡ್ಡಮ್ಮ," ಎಂದ ಪೆಟ್ಟಿಗೆಯ ಕಡೆ ತಿರುಗಿ.

ಪೆಟ್ಟಿಗೆಯಲ್ಲಿ ಐವಿಯ ಅಕ್ಕ ಮೇವಿಸ್ ಮಲಗಿದ್ದಳು. ಅವಳೇನೂ ಬೇಜಾರು ಮಾಡಿಕೊಳ್ಳುವವಳಲ್ಲ. ಬದುಕಿದ್ದಾಗಲೂ ಯಾರ ಮೇಲೂ ಬೇಜಾರು ಮಾಡಿಕೊಂಡವಳಲ್ಲ. ಐವಿಗೆ ಸಿಟ್ಟು ಬರುತ್ತಿದ್ದುದೇ ಅದಕ್ಕೆ.

ಮುಂಬಾಗಿಲು ತೇವಕ್ಕೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಆ ಮನೆಯಲ್ಲಿ ಉಬ್ಬದ ವಸ್ತುವೇ ಇರಲಿಲ್ಲ. ಬೀರುವಿನ ಹಿಂದೆ ಗೋಡೆಯ ತುಂಬ ಕಪ್ಪು ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಹೆಪ್ಪುಗಟ್ಟಿತ್ತು. ಜುಲೈ ತಿಂಗಳ ಬಿಸಿಲು ಹೊರಗೆ ಹೊಡೆಯುತ್ತಿದ್ದರೂ ಒಳಗೆ ಬಾವಿಯೊಳಗಿನ ಥಂಡಿ. ಹೊರಗಿನಿಂದ ನೋಡಿದರೆ ಮಾತ್ರ ಜೇನುಬಣ್ಣದ ಕಲ್ಲಿನ ಗೋಡೆ, ಅದರ ಮೇಲೆ ಹಬ್ಬಿದ ಗುಲಾಬಿ. ಮೇಲೆ ಥಳಕು, ಒಳಗೆ ಹುಳುಕು.

ವಿದರ್‌ಕೋಂಬ್ ಚೆಂದದ ಊರು. ಚೆಂದವಾಗಿರದೆ ಬೇರೆ ದಾರಿಯಿಲ್ಲ. ಊರಿನ ಅಷ್ಟೂ ಮನೆಗಳು ಎಸ್ಟೇಟಿನವರ ಸೊತ್ತು. ಬಾಗಿಲಿಗೆ ಯಾವ ಬಣ್ಣ, ಕಿಟಕಿಗೆ ಯಾವ ಗಾಜು ಎಂದು ಅವರು ಹೇಳುತ್ತಾರೆ, ಬಾಡಿಗೆಯವರು ಕೇಳುತ್ತಾರೆ. ಟಿಕೆಟ್ಟು ಕೊಂಡು ನೋಡಲು ಬರುವವರಿಗೆ ಊರು ನಾನ್ನೂರು ವರ್ಷದ ಹಿಂದೆ ಇದ್ದಂತೆಯೇ ಕಾಣಬೇಕು. ನಾನ್ನೂರು ವರ್ಷದ ಹಿಂದೆ ಇಲ್ಲಿ ಹಂದಿಗಳು ಬೀದಿಯಲ್ಲೇ ಹೊರಳಾಡುತ್ತಿದ್ದವು. ಅದನ್ನು ಮಾತ್ರ ಯಾರೂ ವಾಪಸು ತರಲಿಲ್ಲ.

ಹಿತ್ತಿಲ ಬಾಗಿಲಿನಿಂದ ಎಸ್ಟೇಟಿನ ಮ್ಯಾನೇಜರ್ ಹಾರ್ಗ್ರೀವ್ ಒಳಗೆ ಬಂದ. ಕಪ್ಪು ಟೈ ಕಟ್ಟಿದ್ದ.

"ಮಿಸೆಸ್ ಡಾಬ್ಸ್, ದಯವಿಟ್ಟು ಆ ಬಾಗಿಲಿಗೆ ಬಲ ಹಾಕ್ಬೇಡಿ. ತುಂಬಾ ಹಳೇದು. ಒಡೆದ್ರೆ ಅಂಥದ್ದು ಮತ್ತೆ ಸಿಗಲ್ಲ."

"ನಮ್ಮಕ್ಕನೂ ಮತ್ತೆ ಸಿಗಲ್ಲ ಸಾಹೇಬ್ರೇ," ಎಂದಳು ಐವಿ.

"ಅಲ್ಲ, ಹಿಂದಿನ ಬಾಗಿಲು ಅಗಲವಾಗೇ ಇದೆಯಲ್ಲ. ಈಗಷ್ಟೇ ಎರಡು ಬಸ್ಸು ಬೇರೆ ಬಂದಿವೆ. ಹಿಂದಿನ ಓಣೀಲಿ ಹೋದ್ರೆ ಯಾರಿಗೂ ಮುಜುಗರ ಆಗಲ್ಲ."

"ಯಾರಿಗೆ ಮುಜುಗರ? ಪೆಟ್ಟಿಗೇಲಿರೋಳಿಗಾ, ಬಸ್ಸಲ್ಲಿ ಬಂದೋರಿಗಾ?"

ಮೂಲೆಯ ಕುರ್ಚಿಯಲ್ಲಿ ಪಕ್ಕದ ಮನೆಯ ಮುದುಕ ಸಿರಿಲ್ ಕೂತಿದ್ದ. ಈ ಬೀದಿಯಲ್ಲೇ ಹುಟ್ಟಿ ಇನ್ನೂ ಇಲ್ಲೇ ಬಾಡಿಗೆಗಿದ್ದವರು ಮೇವಿಸ್ ಮತ್ತು ಅವನು ಇಬ್ಬರೇ. ಉಳಿದ ಮನೆಗಳೆಲ್ಲ ವಾರಕ್ಕೊಬ್ಬರಂತೆ ಬಂದು ಹೋಗುವ ಅತಿಥಿಗಳವು. "ಮ್ಯಾನೇಜರ್ರೇ," ಎಂದ ಸಿರಿಲ್, "ಇಲ್ಲಿ ಮುಂಬಾಗಿಲು ಇರೋದೇ ಎರಡಕ್ಕೆ. ಮದುವಣಗಿತ್ತಿಗೆ, ಹೆಣಕ್ಕೆ. ನಿಮ್ಮ ಟಿಕೆಟ್ಟಿನ ಹಿಂದೆ ಅದನ್ನ ಅಚ್ಚು ಹಾಕ್ಸಿಲ್ವಾ?"

ಹೆಣ ಸಾಗಿಸುವ ಏರ್ಪಾಟು ಮಾಡುವ ಪೆಂಫೋಲ್ಡ್ ತನ್ನ ಉದ್ದನೆಯ ಕರಿ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, "ಹಿಂದಿನಿಂದ್ಲೇ ಹೋದ್ರೂ ಮರ್ಯಾದೆಗೇನೂ ಕಮ್ಮಿ ಮಾಡಲ್ಲಮ್ಮ," ಎಂದು ಗೊಣಗಿದ.

"ಇಲ್ಲ," ಎಂದಳು ಐವಿ. "ಮಾತು ಕೊಟ್ಟಿದೀನಿ."

*

ಮಾತು ಕೊಟ್ಟದ್ದು ವಸಂತದಲ್ಲಿ, ಮೇವಿಸ್ ಒಂದು ವಾರ ಹಾಸಿಗೆ ಹಿಡಿದಾಗ. ಒಂದು ವಾಕ್ಯ ಮುಗಿಸಲು ಅವಳು ಮೂರು ಸಲ ಕೆಮ್ಮಬೇಕಿತ್ತು. ಮನೆ ಒಣಗಿರಬೇಕು ಎಂದು ಡಾಕ್ಟರು ಹೇಳಿ ಹೇಳಿ ಸಾಕಾಗಿ, ಹೇಳುವುದನ್ನೇ ಬಿಟ್ಟಿದ್ದರು.

"ಐವಿ, ಒಂದು ಕೇಳ್ತೀನಿ. ನಗಬಾರ್ದು."

"ಕೇಳು. ನೀನು ಯಾವತ್ತಾದ್ರೂ ಏನಾದ್ರೂ ಕೇಳಿದ್ದುಂಟಾ?"

"ನನ್ನ ಮುಂಬಾಗಿಲಿಂದ ಕಳಿಸು. ಅಪ್ಪ ಹೋದ್ರು, ನನ್ನ ಗಂಡ ಟೆಡ್ ಹೋದ. ಆ ಬಾಗಿಲಿಂದ್ಲೇ ಹೋದ್ರು. ನಾನು ಮದುವೆ ದಿನ ಒಂದ್ಸಲ ದಾಟಿದ್ದು ಅಷ್ಟೇ. ಆಮೇಲೆ ಬಕೆಟ್ ಹಿಡ್ಕೊಂಡು ಹಿತ್ತಿಲಲ್ಲೇ ಓಡಾಡಿದ್ದಾಯ್ತು."

ಐವಿ ನಗಲಿಲ್ಲ. ಇಷ್ಟು ವರ್ಷದಲ್ಲಿ ಅಕ್ಕನ ಬಾಯಿಂದ 'ನನಗೆ ಬೇಕು' ಎಂಬ ಮಾತು ಬಂದದ್ದು ಅದೇ ಮೊದಲು. ಅದೂ ಸತ್ತ ಮೇಲೆ ಬೇಕಾದದ್ದು.

*

ಐವಿ ಹಿತ್ತಿಲಿಂದ ಹೊರಬಿದ್ದು ಓಣಿಯನ್ನು ಸುತ್ತಿ ಬೀದಿಗೆ ಬಂದಳು. ಒಳಗಿನಿಂದ ಎಳೆದರೆ ಬಾರದ ಬಾಗಿಲು ಹೊರಗಿನಿಂದ ತಳ್ಳಿದರೆ ಬಂದೀತು. ಆದರೆ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಗುಲಾಬಿಗೆ ಕೆನ್ನೆ ತಾಗಿಸಿಕೊಂಡು ಕೂತಿದ್ದಳು. ಎದುರಿಗೆ ಒಣಹುಲ್ಲಿನ ಟೋಪಿಯ ಅವಳ ಗಂಡ ಮೊಬೈಲು ಹಿಡಿದು ಹಿಂದೆ ಮುಂದೆ ಸರಿಯುತ್ತಿದ್ದ.

"ಎದ್ದೇಳಮ್ಮ," ಎಂದಳು ಐವಿ.

"ಒಂದೇ ನಿಮಿಷ," ಎಂದ ಗಂಡ. ಐವಿಯ ಕರಿ ಉಡುಪು, ಕರಿ ಟೋಪಿ ನೋಡಿ ಅವನ ಮುಖ ಅರಳಿತು. "ಓಹೋ, ನೀವು ನಾಟಕದವರಾ? ಎಷ್ಟು ಗಂಟೆಗೆ ಶುರು?"

ಐವಿಯ ಮೈಯೆಲ್ಲ ಉರಿದುಹೋಯಿತು. "ಈಗಲೇ ಶುರು," ಎಂದವಳೇ ಆ ಹೆಂಗಸಿನ ರಟ್ಟೆ ಹಿಡಿದು ಎಬ್ಬಿಸಿ, ಬಾಗಿಲಿಗೆ ಜಾಡಿಸಿ ಒದ್ದಳು. ಎಪ್ಪತ್ತು ದಾಟಿದ ಕಾಲು. ಮಂಡಿಯಿಂದ ಸೊಂಟದವರೆಗೆ ಛಳಕು ಹೊಡೆಯಿತು. ಮತ್ತೊಮ್ಮೆ ಒದ್ದಳು. ಒಳಗೆ ನೆವಿಲ್, "ಅಮ್ಮ, ಸ್ವಲ್ಪ ಜರುಗ್ತಾ ಇದೆ!" ಎಂದು ಕೂಗಿದ. ಮೂರನೆಯ ಒದೆ ಮೇವಿಸಳಿಗೆ ಹಾಕಿದ್ದು. ಎಲ್ಲದಕ್ಕೂ ಹೂಂ ಅಂದೆಯಲ್ಲ, ಕೋಲೆಬಸವನ ಹಾಗೆ ತಲೆ ಆಡಿಸಿದೆಯಲ್ಲ, ತಗೋ. ಹಲಗೆಯೊಂದು ಉದ್ದಕ್ಕೆ ಸೀಳಿ ಬಾಗಿಲು ತೆರೆದುಕೊಂಡಿತು. ಒಳಗಿನ ಮುಗ್ಗಲು ವಾಸನೆ ಬೀದಿಗೆ ನುಗ್ಗಿತು. ಒಣಹುಲ್ಲಿನ ಟೋಪಿಯವನು ಮೂಗು ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

ಪೆಂಫೋಲ್ಡ್ ಮುಂದೆ, ಅವನ ಹಿಂದೆ ನಾಲ್ವರ ಹೆಗಲ ಮೇಲೆ ಮೇವಿಸ್. ಹೊಸ್ತಿಲು ದಾಟಿ ಬಿಸಿಲಿಗೆ ಬಂದಳು. ಬೀದಿಯುದ್ದಕ್ಕೂ ಎರಡು ಬಸ್ಸಿನ ಜನ, ಕೈಯಲ್ಲಿ ಐಸ್‌ಕ್ರೀಮು, ಕೊರಳಲ್ಲಿ ಎಸ್ಟೇಟಿನ ಹಸಿರು ಟಿಕೆಟ್ಟು. ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರು ತಟ್ಟಿದ್ದು ನೋಡಿ ಇನ್ನೊಬ್ಬರು. ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು.

"ಎಷ್ಟು ನಿಜ ಅನ್ಸೋ ಹಾಗೆ ಮಾಡ್ತಾರಲ್ಲ!" ಎಂದಳು ಗುಲಾಬಿಯ ಹೆಂಗಸು.

ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ನೆವಿಲ್ ಅವಳ ಕಡೆ ತಿರುಗಿದ. "ಅಮ್ಮ, ಪೆಟ್ಟಿಗೆ ಕೆಳಗಿಡ್ಲಾ? ಒಬ್ಬೊಬ್ಬನಿಗೂ ಬಿಟ್ಟು ಬರ್ತೀನಿ."

"ಸುಮ್ನೆ ನಡಿ. ದೊಡ್ಡಮ್ಮನ್ನ ಬೀಳಿಸೀಯ."

ಸಿರಿಲ್ ಕೋಲೂರಿಕೊಂಡು ಐವಿಯ ಪಕ್ಕದಲ್ಲಿ ನಡೆಯುತ್ತಿದ್ದ. ತನ್ನ ಟೋಪಿಯನ್ನು ತೆಗೆದು ಎದೆಗೆ ಒತ್ತಿಕೊಂಡಿದ್ದ. "ನಿಮ್ಮಪ್ಪ ಹೋದಾಗ ಕಟುಕ ಅಂಗಡಿ ಬಾಗಿಲು ಎಳೆದು ಹೊರಗೆ ಬಂದು ನಿಂತಿದ್ದ," ಎಂದ. "ಗಾಡಿಯವರು ಕುದುರೆ ನಿಲ್ಲಿಸಿದ್ರು. ಪೋಲಿ ಹುಡುಗ್ರೂ ಟೋಪಿ ತೆಗೆದು ತಲೆ ತಗ್ಗಿಸಿದ್ರು."

ಐವಿ ಎಡಕ್ಕೂ ಬಲಕ್ಕೂ ನೋಡಿದಳು. ಒಂದು ಟೋಪಿಯೂ ಕೆಳಗಿಳಿದಿರಲಿಲ್ಲ, ಒಂದು ತಲೆಯೂ ಬಾಗಿರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು ಮೇಲಕ್ಕೆ ಎದ್ದಿತ್ತು.

*

ಮೇವಿಸಳ ಕೆಲಸ ಬಟ್ಟೆ ಒಗೆಯುವುದು. ಅತಿಥಿಗಳ ಮನೆಗಳಲ್ಲಿ ಮಲಗೆದ್ದವರ ದುಪ್ಪಟಿ, ದಿಂಬಿನ ಚೀಲ, ಒರೆಸುವ ಬಟ್ಟೆ ಎಲ್ಲ ಅವಳ ಅಡುಗೆಮನೆಗೆ ಬರುತ್ತಿದ್ದವು. ಎಸ್ಟೇಟಿನ ಬಟ್ಟೆ, ಎಸ್ಟೇಟಿನದೇ ನಿಯಮ: ಒಗೆದದ್ದು ಯಾವುದೂ ಬೀದಿಗೆ ಕಾಣುವಂತೆ ಒಣಗಬಾರದು. ಹಿತ್ತಿಲಲ್ಲಿ ಹಾಕೋಣವೆಂದರೆ ಅಲ್ಲೂ ಹೊಳೆದಂಡೆಯ ಕಾಲುದಾರಿ, ಅಲ್ಲೂ ನೋಡುವವರು. ಹೀಗಾಗಿ ಒಲೆಯ ಮೇಲೆ, ಮೆಟ್ಟಿಲ ಕಟಕಟೆಯ ಮೇಲೆ, ಮಲಗುವ ಕೋಣೆಯ ಬಾಗಿಲುಗಳ ಮೇಲೆ ಅವು ತೊಟ್ಟಿಕ್ಕುತ್ತಾ ನೇತಾಡುತ್ತಿದ್ದವು. ಅವುಗಳ ನಡುವೆ ಮೇವಿಸ್ ಊಟ ಮಾಡಿದಳು, ಮಲಗಿದಳು, ಮುದುಕಿಯಾದಳು.

ಐವಿ ಮದುವೆಯಾಗಿ ಗುಡ್ಡದಾಚೆಯ ಸರ್ಕಾರಿ ಮನೆಗೆ ಹೋಗಿದ್ದಳು. ಅದು ನೋಡಲು ಬೆಂಕಿಪೊಟ್ಟಣ. ಆದರೆ ಅಲ್ಲಿ ಬಟ್ಟೆ ಗಾಳಿಗೆ ಹಾರುತ್ತಿತ್ತು. ಒಂದು ಬೇಸಿಗೆಯಲ್ಲಿ ಅಕ್ಕನ ಕೆಮ್ಮು ಕೇಳಲಾರದೆ ಹಗ್ಗ ತಂದು, ಮುಂಬಾಗಿಲ ಮೇಲಿನ ದೀಪದ ಕೊಕ್ಕೆಯಿಂದ ಬೀದಿಯಾಚೆಯ ಹಳೇ ನೀರಿನ ಪಂಪಿಗೆ ಎಳೆದು ಕಟ್ಟಿದ್ದಳು. ಮೊದಲ ದುಪ್ಪಟಿ ಹರವುವಷ್ಟರಲ್ಲಿ ಹಾರ್ಗ್ರೀವ್ ಪ್ರತ್ಯಕ್ಷನಾದ. ಅವನು ಬಾಯಿ ತೆರೆಯುವ ಮೊದಲೇ ಮೇವಿಸ್ ಹಿತ್ತಿಲಿಂದ ಓಡಿ ಬಂದು, "ತಪ್ಪಾಯ್ತು ಸರ್, ತಂಗಿಗೆ ಗೊತ್ತಾಗ್ಲಿಲ್ಲ," ಎನ್ನುತ್ತಾ ಹಗ್ಗ ಬಿಚ್ಚಿದ್ದಳು.

"ಗೊತ್ತಾಗ್ದೆ ಏನು? ಗೊತ್ತಿದ್ದೇ ಕಟ್ಟಿದ್ದು!" ಎಂದು ಐವಿ ಅರಚಿದ್ದಳು. "ನಿನಗೆ ನಾಚಿಕೆ ಆಗಲ್ವಾ?"

"ಮನೆ ಅವರದು ಐವಿ. ಬಿಡು ಅಂದ್ರೆ ಎಲ್ಲಿಗೆ ಹೋಗ್ಲಿ? ನಾನು ಸತ್ತ ಮೇಲೆ ನಿನಗೆ ಬೇಕಾದ್ದು ನೇತುಹಾಕ್ಕೋ."

ಆ ಮಾತಿಗೆ ಐವಿ ಕ್ರಿಸ್‌ಮಸ್‌ವರೆಗೆ ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ.

*

ಮಣ್ಣು ಮಾಡಿದ ಮೇಲೆ ಎಲ್ಲರೂ ಚರ್ಚಿನ ಪಕ್ಕದ ಸಭಾಮಂದಿರದಲ್ಲಿ ಚಹಾಕ್ಕೆ ಸೇರಿದರು. ಹಂದಿಮಾಂಸದ ಸ್ಯಾಂಡ್‌ವಿಚ್ಚು, ಹಣ್ಣಿನ ಕೇಕು. ಸಿರಿಲ್ ಎರಡನೇ ತುಂಡು ಕೇಕು ತೆಗೆದುಕೊಂಡು, "ಮೇವಿಸ್ ಮಾಡಿದ್ದಿದ್ರೆ ಇಷ್ಟು ಒಣಗಿರ್ತಿರಲಿಲ್ಲ," ಎಂದ.

"ಅವಳ ಮನೇಲಿ ಯಾವುದು ತಾನೆ ಒಣಗ್ತಿತ್ತು?" ಎಂದಳು ಐವಿ. ಇಬ್ಬರೂ ನಕ್ಕರು. ನಗುತ್ತಲೇ ಐವಿಯ ಕಣ್ಣು ತುಂಬಿತು. ಅವಳು ಅದನ್ನು ಸಿಟ್ಟಿನಿಂದ ಒರೆಸಿಕೊಂಡಳು.

ಹಾರ್ಗ್ರೀವ್ ಚಹಾದ ಕಪ್ಪು ಹಿಡಿದು ಹತ್ತಿರ ಬಂದ. ಮೇವಿಸ್ ಊರಿನ ಹಳೇ ಆಸ್ತಿ, ಅವಳಂಥವರು ಇನ್ನಿಲ್ಲ ಎಂದ. ಬಾಗಿಲಿನ ಮಾತು ಆಮೇಲೆ ಆಡೋಣ ಎಂದ. ಕಪ್ಪನ್ನು ಒಮ್ಮೆ ತಿರುಗಿಸಿ, ಗಂಟಲು ಸರಿಮಾಡಿಕೊಂಡ.

"ಇವತ್ತು ಕೇಳಬಾರ್ದು. ಆದ್ರೂ ಶನಿವಾರ ಅತಿಥಿಗಳು ಬರ್ತಾರೆ. ಕೊನೇ ಸಲ ಕಳಿಸಿದ್ದ ದುಪ್ಪಟಿಗಳು ಅವರ ಮನೇಲೇ ಉಳ್ಕೊಂಡಿವೆ ಅಂತ ಕಾಣುತ್ತೆ..."

ನೆವಿಲ್ ಎದ್ದು ನಿಂತ. ಐವಿ ಅವನ ತೋಳು ಹಿಡಿದು ಕೂರಿಸಿದಳು. ಕಿರುಚಬೇಕು ಎನ್ನಿಸಿತು. ನಿಮ್ಮ ದುಪ್ಪಟಿಗಳೆಲ್ಲ ನಮ್ಮಕ್ಕನ ಎದೇಲಿ ಒಣಗಿದ್ದು ಕಣಯ್ಯಾ ಎಂದು ಇಡೀ ಮಂದಿರಕ್ಕೆ ಕೇಳುವಂತೆ ಹೇಳಬೇಕು ಎನ್ನಿಸಿತು. ನಾಲಿಗೆ ತುದಿಗೆ ಬಂದ ಮಾತನ್ನು ಚಹಾದ ಜೊತೆ ನುಂಗಿದಳು.

"ಟಬ್ಬಲ್ಲೇ ಇದಾವೆ ಸಾಹೇಬ್ರೇ," ಎಂದಳು ಮೆತ್ತಗೆ. ಅಕ್ಕನ ದನಿಯಲ್ಲೇ ಹೇಳಿದಂತಿತ್ತು. "ಒಣಗಿಸಿ ಕೊಡ್ತೀನಿ."

"ದೊಡ್ಡ ಉಪಕಾರ ಆಯ್ತು," ಎಂದು ಹಾರ್ಗ್ರೀವ್ ಹೊರಟುಹೋದ.

ಮೇವಿಸಳ ತಣ್ಣಗಿನ ಅಡುಗೆಮನೆಯಲ್ಲಿ ದುಪ್ಪಟಿಗಳು ನೀರಲ್ಲಿ ಮುಳುಗಿ ಕೂತಿದ್ದವು. ಅವು ಮೇವಿಸ್ ಕೊನೆಯದಾಗಿ ನೆನೆಸಿಟ್ಟವು. ಆಸ್ಪತ್ರೆಯ ಗಾಡಿ ಬಂದಾಗ ಅವಳು ಕೈ ಒರೆಸಿಕೊಂಡು ಹಾಗೇ ಹೋಗಿದ್ದಳು. ಐವಿ ತೋಳು ಮಡಿಚಿ ಅವನ್ನು ಹೊಸ ನೀರಲ್ಲಿ ಜಾಲಿಸಿದಳು. ಪೂರ್ತಿ ಹಿಂಡಲಿಲ್ಲ. ಹಗ್ಗ ಮೆಟ್ಟಿಲ ಕೆಳಗಿನ ಕಪಾಟಿನಲ್ಲೇ ಸುರುಳಿ ಸುತ್ತಿಕೊಂಡಿತ್ತು. ಅಷ್ಟು ಬೈಸಿಕೊಂಡರೂ ಅಕ್ಕ ಅದನ್ನು ಬಿಸಾಡಿರಲಿಲ್ಲ. ಐವಿ ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಮುಂಬಾಗಿಲು ಮುಚ್ಚಲು ಬಾರದೆ ಹಾಗೇ ತೆರೆದಿತ್ತು. ನೆವಿಲ್ ಸ್ಟೂಲು ತಂದು ದೀಪದ ಕೊಕ್ಕೆಗೆ ಒಂದು ತುದಿ ಕಟ್ಟಿದ. ಇನ್ನೊಂದು ತುದಿಯನ್ನು ಐವಿ ಬೀದಿ ದಾಟಿಸಿ ಪಂಪಿನ ಕುತ್ತಿಗೆಗೆ ಸುತ್ತಿದಳು. ಸಿರಿಲ್ ತನ್ನ ಟೋಪಿಯನ್ನು ತಟ್ಟೆಯಂತೆ ಹಿಡಿದು ಅದರಲ್ಲಿ ಬಟ್ಟೆ ಕ್ಲಿಪ್ಪುಗಳನ್ನು ತುಂಬಿಕೊಂಡು ನಿಂತಿದ್ದ. ಒಂದರ ಪಕ್ಕ ಒಂದು ದುಪ್ಪಟಿ, ನಟ್ಟನಡುವೆ ಮೇವಿಸಳ ತೇಪೆ ಹಾಕಿದ ರಾತ್ರಿಯಂಗಿ.

"ಇನ್ನೊಂದು ಗೇಣು ಮೇಲೆ ಕಟ್ಟು ಐವಿ," ಎಂದ ಸಿರಿಲ್. "ಹೋಗೋರ ಮುಖಕ್ಕೆ ತಾಗುತ್ತೆ."

"ತಾಗಲಿ," ಎಂದು ಐವಿ ಹಗ್ಗವನ್ನು ಇನ್ನೂ ಒಂದು ಗೇಣು ಇಳಿಸಿದಳು.

ಆಮೇಲೆ ಚಹಾದ ಕಪ್ಪು ಹಿಡಿದು ಮೆಟ್ಟಿಲ ಮೇಲೆ ಕೂತಳು. ಬೀದಿಯ ತುದಿಯಲ್ಲಿ ಹಾರ್ಗ್ರೀವ್ ಕೈ ಬೀಸುತ್ತಾ ಬರುತ್ತಿದ್ದ. ಬರಲಿ. ಅವನಿಗೂ ಅದೇ ದಾರಿ.

ಬಸ್ಸಿನ ಹೊತ್ತಾಗಿತ್ತು. ಜನ ಚರ್ಚಿನ ಕಡೆಯಿಂದ ಗುಂಪಾಗಿ ಮರಳುತ್ತಿದ್ದರು. ಎಲ್ಲರಿಗಿಂತ ಮುಂದೆ ಬಂದ ಒಣಹುಲ್ಲಿನ ಟೋಪಿಯವನು ದುಪ್ಪಟಿಗಳ ಎದುರು ನಿಂತು ಆಚೀಚೆ ನೋಡಿದ. ಬಸ್ಸಿಗೆ ಹೋಗಲು ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ. ಮುಂದೆ ಹೆಜ್ಜೆಯಿಟ್ಟ. ನೀರು ತುಂಬಿದ ದುಪ್ಪಟಿ ರಪ್ಪನೆ ಬಡಿದು ಟೋಪಿ ಕಲ್ಲಿನ ಮೇಲೆ ಬಿತ್ತು. ಅವನು ಅದನ್ನು ಎತ್ತಿ ಎದೆಗೆ ಹಿಡಿದುಕೊಂಡು, ಸೊಂಟ ಬಗ್ಗಿಸಿ ಆಚೆಗೆ ದಾಟಿದ. ಅವನ ಹಿಂದೆ ಹೆಂಡತಿ, ಅವಳ ಹಿಂದೆ ಎರಡು ಬಸ್ಸಿನ ಜನ, ಒಬ್ಬೊಬ್ಬರಾಗಿ ಟೋಪಿ ತೆಗೆದು, ತಲೆ ತಗ್ಗಿಸಿ ಮೇವಿಸಳ ಮುಂಬಾಗಿಲ ಎದುರು ಹಾದುಹೋದರು.